ರೋಸ್ಟರ್ ಓದಲು ಬಾರದ ಎಚ್.ಆರ್.

ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಸಂಸ್ಥೆಯ ತಪಾಸಣೆಯ ತಂಡ ಇನ್ನೇನು ಬರುತ್ತದೆ ಎನ್ನುವ ವಾರ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳ ಎಚ್.ಆರ್. ವಿಭಾಗದಲ್ಲಿ ದೀಪ ಆರುವುದಿಲ್ಲ. ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಿಸದ ಸಿಸ್ಟರ್‌ಗಳಿಗೆ ಒಂದರ ಮೇಲೊಂದು ಫೋನು, ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸಿನ ದಾಖಲೆಗೆ ಹುಡುಕಾಟ, ಬೆಂಕಿ ನಂದಿಸುವ ತರಬೇತಿಗೆ ಬಂದವರ ಸಹಿಪಟ್ಟಿ, ಕೆಲಸದ ವಿವರದ ಹಾಳೆಯಲ್ಲಿ ಬಿಟ್ಟುಹೋದ ರುಜು. ತಪಾಸಣೆ ಮುಗಿದು ಪ್ರಮಾಣಪತ್ರ ಗೋಡೆಗೇರಿತೆಂದರೆ ಇದೆಲ್ಲವನ್ನೂ ನಿಭಾಯಿಸಿದ ಎಕ್ಸಿಕ್ಯೂಟಿವ್ ಮುಂದಿನ ಬಡ್ತಿಯ ಪಟ್ಟಿಯಲ್ಲಿ ಮೊದಲಿಗರು. ಆಸ್ಪತ್ರೆಯಲ್ಲಿ ಎಚ್.ಆರ್. ವೃತ್ತಿ ಇವತ್ತು ಬೆಳೆಯುತ್ತಿರುವ ಬಗೆ ಇದು. ನನ್ನ ತಕರಾರೂ ಇಲ್ಲಿಯೇ.

ತಕರಾರಿಗೆ ಮುನ್ನ ಸಲ್ಲಬೇಕಾದ ಶ್ರೇಯಸ್ಸು ಸಲ್ಲಲಿ. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಎಂ.ಎಸ್.ಡಬ್ಲ್ಯೂ. ಓದಿದವರ ಕಣ್ಣು ಬಹುಕಾಲ ಆ ಕುರ್ಚಿಯ ಮೇಲಿತ್ತು. ಸಾವಿರ ಜನ ದುಡಿಯುವ ಆಸ್ಪತ್ರೆಗೆ ಇಂಥ ಯಾವ ಕಟ್ಟಳೆಯೂ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಬ್ಬಂದಿ ಶಾಖೆಯ ಗುಮಾಸ್ತರು, ಮಿಷನ್ ಆಸ್ಪತ್ರೆಯಲ್ಲಿ ಮೇಟ್ರನ್, ಖಾಸಗಿ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ ಮನೆಯವರೇ ಯಾರೋ ಒಬ್ಬರು ಸಂಬಳ, ರಜೆ, ಜಗಳ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಭಾರತೀಯ ಗುಣಮಟ್ಟ ಮಂಡಳಿಯ ಆಶ್ರಯದಲ್ಲಿ 2005ರಲ್ಲಿ ಶುರುವಾದ ಎನ್‌ಎಬಿಎಚ್ ತನ್ನ ಮಾನದಂಡಗಳಲ್ಲಿ ಮಾನವ ಸಂಪನ್ಮೂಲಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿತು. ಅದರಿಂದ ಎಚ್.ಆರ್.ಗೆ ಒಂದು ಕೋಣೆ, ಒಂದು ಹುದ್ದೆ, ಆಡಳಿತ ಸಭೆಯಲ್ಲಿ ಒಂದು ಮಾತು ದಕ್ಕಿತು.

ಆ ಅಧ್ಯಾಯದ ಅತ್ಯುತ್ತಮ ಭಾಗ ಕ್ರೆಡೆನ್ಶಿಯಲಿಂಗ್ ಮತ್ತು ಪ್ರಿವಿಲೆಜಿಂಗ್. ಡಾಕ್ಟರ ಪದವಿ, ಕೌನ್ಸಿಲ್ ನೋಂದಣಿ ಅಸಲಿಯೇ ಎಂದು ಮೂಲದಲ್ಲೇ ವಿಚಾರಿಸುವುದು ಮೊದಲನೆಯದು. ಈ ವೈದ್ಯರು ಈ ಆಸ್ಪತ್ರೆಯಲ್ಲಿ ಯಾವ ಯಾವ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಸಮಿತಿಯೊಂದು ಪಟ್ಟಿ ಮಾಡಿಕೊಡುವುದು ಎರಡನೆಯದು. ನಕಲಿ ಡಾಕ್ಟರು ಸಿಕ್ಕಿಬಿದ್ದ ಸುದ್ದಿ ಆಗಾಗ ಓದುವ ನಾಡಿನಲ್ಲಿ ಇದು ಸಣ್ಣ ಕೆಲಸವೇನಲ್ಲ. ಒಬ್ಬ ಎಚ್.ಆರ್. ಎಕ್ಸಿಕ್ಯೂಟಿವ್ ಕಳಿಸಿದ ಒಂದು ಇಮೇಲು ರೋಗಿಯ ಜೀವ ಉಳಿಸಬಹುದಾದ ಜಾಗ ಇದು.

ಆದರೆ ಕಡತ ಕುರ್ಚಿ ಕೊಟ್ಟಿತು, ಆಮೇಲೆ ಆ ಕುರ್ಚಿಯನ್ನು ಬಿಟ್ಟೇಳಲು ಬಿಡಲಿಲ್ಲ. ಎಂಬಿಎ ಅಥವಾ ಎಂ.ಎಸ್.ಡಬ್ಲ್ಯೂ. ಮುಗಿಸಿದ ಹುಡುಗ ಹುಡುಗಿಯರು ಸೇರುತ್ತಾರೆ. ಮೊದಲು ನೇಮಕಾತಿಯ ಕಾಗದಪತ್ರ, ಹಾಜರಿ, ಪಿಎಫ್, ಇಎಸ್‌ಐ. ನಂತರ ತರಬೇತಿಯ ಲೆಕ್ಕ, ಆಮೇಲೆ ಮಾನ್ಯತೆಯ ಉಸ್ತುವಾರಿ. ಇನ್ನೊಂದು ಆಸ್ಪತ್ರೆಗೆ ಜಿಗಿಯುವಾಗ ಎರಡು ಬಾರಿ ಮಾನ್ಯತೆ ಮಾಡಿಸಿದ್ದೇನೆ ಎಂಬ ಸಾಲು ರೆಸ್ಯೂಮೆಯ ತುದಿಯಲ್ಲಿರುತ್ತದೆ. ನಿಮ್ಮ ಕಾಲದಲ್ಲಿ ಐಸಿಯು ಬಿಟ್ಟುಹೋದ ನರ್ಸ್‌ಗಳು ಎಷ್ಟು, ಏಕೆ ಎಂದು ಸಂದರ್ಶನದಲ್ಲಿ ಕೇಳುವವರು ಕಡಿಮೆ. ಕೇಳಿದರೂ ಉತ್ತರ ಎಕ್ಸಿಟ್ ಇಂಟರ್‌ವ್ಯೂ ಫಾರಂನಲ್ಲಿದೆ: "ವೈಯಕ್ತಿಕ ಕಾರಣ".

ಆ ವೈಯಕ್ತಿಕ ಕಾರಣ ಏನೆಂದು ತಿಳಿಯಬೇಕಾದರೆ ಡ್ಯೂಟಿ ರೋಸ್ಟರ್ ಓದಬೇಕು. ಅದನ್ನು ಬರೆಯುವುದು ವಾರ್ಡ್ ಇನ್‌ಚಾರ್ಜ್, ಒಪ್ಪಿಗೆ ಕೊಡುವುದು ನರ್ಸಿಂಗ್ ಸೂಪರಿಂಟೆಂಡೆಂಟ್. ಎಚ್.ಆರ್. ಕೈಗೆ ಅದು ತಿಂಗಳ ಕೊನೆಗೆ, ಸಂಬಳದ ಲೆಕ್ಕಕ್ಕೆ ಬೇಕಾದ ಹಾಜರಿಯಾಗಿ ಬರುತ್ತದೆ. ಅಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ. ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಇಬ್ಬರು ಸಿಸ್ಟರ್ ಎಂದುಕೊಳ್ಳಿ. ಒಬ್ಬ ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದೊಯ್ಯಬೇಕು, ಒಬ್ಬ ಸಿಸ್ಟರ್ ಜೊತೆಗೆ ಹೋಗಲೇಬೇಕು. ಉಳಿದ ಇಪ್ಪತ್ತೊಂಬತ್ತು ಹಾಸಿಗೆಗೆ ಒಬ್ಬರೇ. ಅದೇ ಹೊತ್ತಿಗೆ ಒಂದು ಡ್ರಿಪ್ ಮುಗಿಯುತ್ತದೆ, ಯಾರೋ ಬಾತ್‌ರೂಮಿನಲ್ಲಿ ಜಾರುತ್ತಾರೆ, ಬಂಧುಗಳು ಕೂಗಾಡುತ್ತಾರೆ. ಬೆಳಿಗ್ಗೆ ಇನ್ಸಿಡೆಂಟ್ ರಿಪೋರ್ಟಿನಲ್ಲಿ ಆ ಸಿಸ್ಟರ್ ಹೆಸರು ಬರುತ್ತದೆ. ಎಚ್.ಆರ್.ನಿಂದ ಮೆಮೋ ಹೋಗುತ್ತದೆ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬ ಐಸಿಯುನ ಲೆಕ್ಕ ಮೆಮೋ ಬರೆದವರಿಗೂ ಬಾಯಿಪಾಠ. ಆದರೆ ಆ ಲೆಕ್ಕ ರಾತ್ರಿ ಎರಡು ಗಂಟೆಗೆ ಉಳಿಯಿತೇ ಎಂದು ಎಣಿಸಿ ನೋಡಿದವರಿಲ್ಲ.

ಹೆರಿಗೆ ರಜೆಯ ವಿಷಯ ತೆಗೆದುಕೊಳ್ಳಿ. 2017ರ ತಿದ್ದುಪಡಿಯಿಂದ ಅದು 26 ವಾರ. ನರ್ಸಿಂಗ್ ವಿಭಾಗದಲ್ಲಿ ಬಹುಪಾಲು ಇಪ್ಪತ್ತು ಮೂವತ್ತರ ನಡುವಿನ ಹೆಣ್ಣುಮಕ್ಕಳು. ವರ್ಷಕ್ಕೆ ಸುಮಾರು ಎಷ್ಟು ಮಂದಿ ಈ ರಜೆ ಹಾಕುತ್ತಾರೆಂದು ಹಿಂದಿನ ಮೂರು ವರ್ಷದ ಕಡತ ತೆಗೆದರೆ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ. ಅಷ್ಟು ಹುದ್ದೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ ಎಂದು ಬಜೆಟ್ ಸಭೆಯಲ್ಲಿ ಹೇಳುವುದು ಎಚ್.ಆರ್. ಕೆಲಸ. ಹೇಳುವವರು ವಿರಳ. ಹಾಗಾಗಿ ಒಬ್ಬಾಕೆ ಬಸುರಿ ಎಂದು ತಿಳಿದ ದಿನವೇ ಉಳಿದವರಿಗೆ ಡಬಲ್ ಡ್ಯೂಟಿ ನೆನಪಾಗುತ್ತದೆ, ಸಿಹಿಸುದ್ದಿಗೆ ಮುಖ ಗಂಟಾಗುತ್ತದೆ. 50 ಜನರಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಅದೇ ತಿದ್ದುಪಡಿ ಹೇಳಿತು. ಇದೆ ಎನ್ನುವ ಕಡೆಯೂ ಬಾಗಿಲು ತೆರೆಯುವುದು ಆಫೀಸಿನ ವೇಳೆಯಲ್ಲಿ. ನೈಟ್ ಡ್ಯೂಟಿಯ ತಾಯಿಯ ಮಗು ಎಲ್ಲಿರಬೇಕು ಎಂದು ಯಾರೂ ಯೋಚಿಸಿದಂತಿಲ್ಲ.

ಇನ್ನು ಬಾಂಡ್. ಎರಡು ವರ್ಷ ಅನುಭವ ಪಡೆದು ಜರ್ಮನಿಗೋ ಐರ್ಲೆಂಡಿಗೋ ಕೊಲ್ಲಿಗೋ ಹೊರಡುವ ನರ್ಸ್‌ಗಳನ್ನು ಹಿಡಿದಿಡಲು, ಇಷ್ಟು ಕಾಲ ಕೆಲಸ ಬಿಡುವುದಿಲ್ಲವೆಂದು ಬಾಂಡ್ ಬರೆಸಿಕೊಂಡು ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಚಾಳಿ ಇನ್ನೂ ಸತ್ತಿಲ್ಲ. ಈ ವೃತ್ತಿ ಕಂಡುಹಿಡಿದ ಅತಿ ಸೋಮಾರಿ ಉಪಾಯ ಇದು, ನಾಚಿಕೆಗೇಡಿನದೂ ಹೌದು. ಅವರನ್ನು ಉಳಿಸಿಕೊಳ್ಳುವ ನೇರ ದಾರಿ ಸಂಬಳ. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸಂಬಳದ ಪ್ರಶ್ನೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದಿತ್ತು. ಅದರ ಸೂಚನೆಯಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಲಿ, ಅತಿ ಚಿಕ್ಕವೂ 20,000 ರೂಪಾಯಿಗೆ ಕಡಿಮೆ ಕೊಡದಿರಲಿ ಎಂದಿತು. ಕೇರಳ 2018ರಲ್ಲಿ, ಅದೂ ನರ್ಸ್‌ಗಳು ಬೀದಿಗಿಳಿದ ಮೇಲೆ, 20,000ವನ್ನು ಕನಿಷ್ಠ ವೇತನವಾಗಿ ಪ್ರಕಟಿಸಿತು. ಆಸ್ಪತ್ರೆ ಎಂದರೆ ಸೇವೆ, ಇಲ್ಲಿ ಸಂಬಳದ ಚೌಕಾಸಿ ಸಲ್ಲದು ಎಂಬ ಹಳೆಯ ರಾಗ ಈಗಲೂ ಕೇಳಿಸುತ್ತದೆ. 1970ರ ಸಫ್ದರ್‌ಜಂಗ್ ಆಸ್ಪತ್ರೆ ಪ್ರಕರಣದಲ್ಲಿ, ಕಾರ್ಮಿಕ ಕಾನೂನಿನ ಕಣ್ಣಿನಲ್ಲಿ ಆಸ್ಪತ್ರೆ ಉದ್ಯಮವಲ್ಲ ಎಂಬ ರೂಪದಲ್ಲಿ, ಅಂಥ ವಾದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತ್ತು. 1978ರಲ್ಲಿ ನಮ್ಮದೇ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ ಆಸ್ಪತ್ರೆಯನ್ನೂ ಉದ್ಯಮದ ಸಾಲಿಗೆ ಸೇರಿಸಿತು. ಆ ತೀರ್ಪನ್ನು ಪರೀಕ್ಷೆಗೆ ಓದಿ ಪಾಸಾದವರೇ ಬಾಂಡ್ ಬರೆಸುತ್ತಿದ್ದಾರೆ!

ಡಾಕ್ಟರ ವಿಷಯದಲ್ಲಿ ಎಚ್.ಆರ್. ಧ್ವನಿ ಇನ್ನೂ ಸಣ್ಣದು. ಕಾರ್ಪೊರೇಟ್ ಆಸ್ಪತ್ರೆಯ ಹಿರಿಯ ವೈದ್ಯರಲ್ಲಿ ಅನೇಕರು ಸಂಬಳದ ನೌಕರರಲ್ಲ. ಒಪ್ಪಂದದ ಮೇಲೆ ಬಂದು ಶುಲ್ಕದಲ್ಲಿ ಪಾಲು ಪಡೆಯುವ ಕನ್ಸಲ್ಟೆಂಟ್‌ಗಳು. ಆದಾಯ ತರುವ ಸರ್ಜನ್ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರನ್ನು ಬಾಯಿಗೆ ಬಂದಂತೆ ಬೈದಾಗ ಎಚ್.ಆರ್. ಏನು ಮಾಡುತ್ತದೆ ಎನ್ನುವುದರಲ್ಲಿ ಆ ವಿಭಾಗದ ಬೆಲೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಆ ಸಿಸ್ಟರ್ ಬೇರೆ ವಾರ್ಡಿಗೆ ವರ್ಗವಾಗುತ್ತಾರೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ರಚಿಸಿದ ಸಮಿತಿಯ ಹೆಸರುಗಳು ಲಿಫ್ಟಿನ ಪಕ್ಕದ ಬೋರ್ಡಿನಲ್ಲಿರುತ್ತವೆ. ಇಂಡಕ್ಷನ್ ಪೂರ್ತಿ ಇಂಗ್ಲಿಷಿನಲ್ಲಿ ನಡೆದಿರುವುದರಿಂದ ಹೌಸ್‌ಕೀಪಿಂಗಿನ ಅಕ್ಕಂದಿರಿಗೆ ಅದು ಬರೀ ಬೋರ್ಡು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲೆ ವಿಶ್ರಾಂತಿ ಕೋಣೆಗೆ ಚಿಲಕವಿದೆಯೇ ಎಂದು ದೇಶವೇ ಕೇಳಿತು. ಆ ಪ್ರಶ್ನೆಯನ್ನು ಅದಕ್ಕೂ ಎಷ್ಟೋ ಮೊದಲು ಕೇಳಬೇಕಾಗಿದ್ದವರು ಆಸ್ಪತ್ರೆಯೊಳಗೇ ಇದ್ದರು.

ಹೌಸ್‌ಕೀಪಿಂಗ್, ಸೆಕ್ಯುರಿಟಿ, ವಾರ್ಡ್ ಬಾಯ್‌ಗಳು ಬಹುಕಡೆ ಗುತ್ತಿಗೆಯವರು, ಎಚ್.ಆರ್. ಎಣಿಕೆಯಿಂದ ಹೊರಗೆ. ಜೈವಿಕ ವೈದ್ಯಕೀಯ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಕೊಡಬೇಕೆಂದು 2016ರ ನಿಯಮಗಳು ಹೇಳುತ್ತವೆ. ಗುತ್ತಿಗೆಯವರು ತಿಂಗಳಿಗೊಬ್ಬರಂತೆ ಬದಲಾದರೆ ಮೂರು ಡೋಸು ಮುಗಿಸುವವರು ಯಾರು?

ಇಷ್ಟಾದರೂ ಈ ವೃತ್ತಿಗೆ ಹೋಗಬೇಡಿ ಎನ್ನಲಾರೆ. ಐ.ಟಿ. ಕಂಪನಿಯ ಎಚ್.ಆರ್.ಗಿಂತ ಇದು ಕಷ್ಟದ್ದು, ಸಂಬಳವೂ ಬಹಳ ಕಡೆ ಕಡಿಮೆ. ಆದರೆ ಇಲ್ಲಿ ತೆಗೆದುಕೊಂಡ ಒಂದು ಸರಿಯಾದ ನಿರ್ಧಾರ ಹಾಸಿಗೆಯ ಮೇಲಿರುವವರ ತನಕ ಹೋಗಿ ಮುಟ್ಟುತ್ತದೆ. ಬೆಳಗಿನ ಹ್ಯಾಂಡೋವರ್ ಹೊತ್ತಿಗೆ ವಾರ್ಡಿಗೆ ಹೋಗಿ ನಿಲ್ಲುವ, ತಿಂಗಳಿಗೊಂದು ರಾತ್ರಿ ಎಮರ್ಜೆನ್ಸಿಯಲ್ಲಿ ಕಳೆಯುವ, ನರ್ಸಿಂಗ್ ಸೂಪರಿಂಟೆಂಡೆಂಟರ ಜೊತೆ ಕೂತು ರೋಸ್ಟರ್ ಬರೆಯಲು ಕಲಿಯುವ ಎಚ್.ಆರ್. ಅಧಿಕಾರಿಗಳೂ ಇದ್ದಾರೆ. ಬಡ್ತಿಯಲ್ಲಿ ಅವರು ಕಡತದವರಿಗಿಂತ ಹಿಂದೆ ಬೀಳುವುದು ಆಸ್ಪತ್ರೆಯ ಆಡಳಿತದ ತಪ್ಪು.

ಈ ವರ್ಷ ಎಂ.ಎಸ್.ಡಬ್ಲ್ಯೂ., ಎಂ.ಎಚ್.ಎ. ಅಥವಾ ಎಂಬಿಎ ಮುಗಿಸಿ ಆಸ್ಪತ್ರೆಯ ಸಂದರ್ಶನಕ್ಕೆ ಹೊರಟವರು ನೀವಾಗಿದ್ದರೆ, ಸಂಬಳದ ಮಾತು ಮುಗಿದ ಮೇಲೆ ಒಂದು ವಿಷಯ ಕೇಳಿ: ಕಳೆದ ತಿಂಗಳ ಐಸಿಯು ರಾತ್ರಿಪಾಳಿಯ ರೋಸ್ಟರ್ ತೋರಿಸುವಿರಾ? ತೋರಿಸಿದರೆ ಸೇರಿಕೊಳ್ಳಿ. ಅದೇಕೆ ನಿಮಗೆ, ಅದು ನರ್ಸಿಂಗಿನವರದು ಎಂದರೆ ಇನ್ನೊಂದು ಆಸ್ಪತ್ರೆಗೆ ಅರ್ಜಿ ಹಾಕಿ.