ಬೀಳದ ಕೊಡ

ಮಂಗಳವಾರ, ಶುಕ್ರವಾರದ ಬೆಳಗ್ಗೆ ದಾವಣಗೆರೆಯ ಹಳೇ ಪೇಟೆಯ ಓಣಿಯಲ್ಲಿ ‘ಉಧೋ ಉಧೋ’ ಕೇಳಿಸಿದರೆ ನಮ್ಮಜ್ಜಿ ಮೊರದಲ್ಲಿ ಜೋಳ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಜೋಗತಿ ಅದನ್ನು ಪಡ್ಲಿಗೆ ಬುಟ್ಟಿಗೆ ಸುರಿಸಿಕೊಂಡು, ನಾಲ್ಕು ಕಾಳನ್ನು ಭಂಡಾರದ ಜೊತೆ ಮೊರಕ್ಕೇ ಹಾಕುತ್ತಿದ್ದಳು. ಅಜ್ಜಿ ಆ ಕಾಳನ್ನು ಕಣ್ಣಿಗೊತ್ತಿಕೊಂಡು ಜೋಳದ ಚೀಲಕ್ಕೆ ಸೇರಿಸುತ್ತಿದ್ದರು. ಇದಕ್ಕೆ ಭಿಕ್ಷೆ ಎಂದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ‘ಜೋಗ ಅನ್ನು’ ಎಂದು ತಿದ್ದುತ್ತಿದ್ದರು. ಜೋಗತಿಯರ ಹಾಡು–ಕುಣಿತವನ್ನು ಒಂದು ಕಲೆಯೆಂದು ತೂಗಿ ನೋಡಲು ಹೊರಟಾಗ ನನಗೆ ಮೊದಲು ನೆನಪಾಗುವುದು ಆ ತಿದ್ದುಪಡಿ.

ಕಲೆಯ ಸಲಕರಣೆ ಬಹಳ ಕಡಿಮೆ. ಕಂಕುಳಲ್ಲಿ ಇರುಕಿಕೊಳ್ಳುವ ಚೌಡಿಕೆ, ಒಂದು ಶ್ರುತಿ, ತಾಳ, ನೆತ್ತಿಯ ಮೇಲೊಂದು ಕೊಡ. ಚೌಡಿಕೆ ಎಂದರೆ ಒಂದು ಬದಿಗೆ ಚರ್ಮ ಬಿಗಿದ ಮರದ ಕೊಳಗ, ಅದರಿಂದ ಹೊರಟ ಒಂದೇ ತಂತಿ. ತಂತಿಯನ್ನು ಎಳೆದು ಸಡಿಲಿಸಿದಂತೆ ಸ್ವರ ಏರುತ್ತದೆ, ಇಳಿಯುತ್ತದೆ. ಮಾತಿನ ಏರಿಳಿತಕ್ಕೆ ಇಷ್ಟು ಹತ್ತಿರ ಬರುವ ವಾದ್ಯ ನಮ್ಮಲ್ಲಿ ಕಡಿಮೆ. ಮುಂದಿನವಳು ಕಥೆ ನಡೆಸುತ್ತಾಳೆ, ಹಿಂದಿನವರು ಸೊಲ್ಲು ಎತ್ತಿಕೊಳ್ಳುತ್ತಾರೆ.

ಈ ಕಲೆಯ ತಿರುಳು ಇರುವುದು ಕೊಡದಲ್ಲಿ. ಜೋಗತಿಯರ ದೇವಿ ಎಲ್ಲಮ್ಮನ ಕಥೆಯಲ್ಲಿ, ರೇಣುಕೆಯಾಗಿದ್ದ ಆಕೆ ದಿನವೂ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ಗಂಡ ಜಮದಗ್ನಿಗೆ ನೀರು ತರುತ್ತಾಳೆ. ಹೊಳೆಯಲ್ಲಿ ಜಲಕ್ರೀಡೆ ಕಂಡು ಒಂದು ಗಳಿಗೆ ಮನಸ್ಸು ಕದಲಿತು, ಕೊಡ ಕುಸಿಯಿತು. ಆ ತಪ್ಪಿಗೆ ಮಗನ ಕೊಡಲಿಯೇ ಶಿಕ್ಷೆ. ಜೋಗತಿ ಅದೇ ಕೊಡವನ್ನು ಹೊತ್ತು, ಕೈ ಮುಟ್ಟಿಸದೆ, ಸೊಂಟ ಬಳುಕಿಸಿ, ಮಂಡಿಯೂರಿ, ಗಿರಗಿರನೆ ತಿರುಗುತ್ತಾಳೆ. ಮೈ ತನಗೆ ಬೇಕಾದಂತೆ ಕುಣಿಯುತ್ತದೆ, ಕೊಡ ಮಾತ್ರ ಬೀಳುವುದಿಲ್ಲ. ಹಾಡು ಶಿಕ್ಷೆಯ ಕಥೆ ಹೇಳುತ್ತಿದ್ದರೆ ಕುಣಿತ ಅದಕ್ಕೆ ಉತ್ತರ ಕೊಡುತ್ತಿರುತ್ತದೆ. ಜೋಗತಿ ಆಟದ ಹಿರಿಮೆ ಇದೇ ಎಂದು ನಾನು ತಿಳಿದಿದ್ದೇನೆ.

ವೇದಿಕೆಗೆ ಬಂದಾಗ ಈ ಉತ್ತರ ಮಸುಕಾಗುತ್ತದೆ. ಹತ್ತು ನಿಮಿಷದ ಅವಧಿಯೊಳಗೆ ಕಥೆ ಹಿಡಿಸುವುದಿಲ್ಲ; ಉಳಿಯುವುದು ಕಸರತ್ತು. ಕೊಡ ಹೊತ್ತೇ ಬಾಗಿ ನೆಲದ ನೋಟನ್ನು ಬಾಯಲ್ಲಿ ಎತ್ತಿದರೆ ಸಭೆ ಸಿಳ್ಳೆ ಹಾಕುತ್ತದೆ. ಅದಕ್ಕೆ ಬೇಕಾದ ಸಾಧನೆ ದೊಡ್ಡದು, ಒಪ್ಪುತ್ತೇನೆ. ಆದರೆ ರೇಣುಕೆ ಇಲ್ಲದ ಕೊಡ ಬರೀ ಕೊಡ. ಬಾಗಿಲ ಮುಂದಿನ ಆಟಕ್ಕೆ ಇನ್ನೊಂದು ಗುಣವೂ ಇತ್ತು: ಮನೆಯವರ ಹೆಸರು, ಹೊಸ ಸೊಸೆ, ತೊಟ್ಟಿಲ ಕೂಸು ಎಲ್ಲವೂ ಹರಕೆಯ ಹಾಡಿನೊಳಗೆ ಸೇರುತ್ತಿದ್ದವು. ಮೈಕಿನ ಮುಂದೆ ಯಾರ ಮನೆಯ ಹೆಸರು ಹೇಳುವುದು?

ಇದೇ ಬೀದಿಗಳಲ್ಲಿ ಬೇರೆಯವರೂ ನಡೆದಿದ್ದಾರೆ. ಮೈಲಾರಕ್ಕೆ, ಹರಿಹರದ ಹೊಳೆ ದಾಟಿ ದೇವರಗುಡ್ಡಕ್ಕೆ ಹೋಗುವ ಗೊರವರು ಕಂಬಳಿ ಹೊದ್ದು ಡಮರು ನುಡಿಸುತ್ತಾರೆ. ದುರುಗಮುರುಗಿಯವರಲ್ಲಿ ಹೆಂಗಸು ದೇವಿಯ ಪೆಟ್ಟಿಗೆ ಹೊತ್ತು ಉರುಮೆ ನುಡಿಸಿದರೆ, ಗಂಡಸು ಬರಿಮೈಗೆ ಚಾಟಿ ಬೀಸಿಕೊಳ್ಳುತ್ತಾನೆ. ಆ ಸದ್ದಿಗೆ ಮಕ್ಕಳು ಬೆಚ್ಚುತ್ತವೆ, ದೊಡ್ಡವರು ಬೇಗ ಕಾಸು ಹಾಕಿ ಕಳಿಸುತ್ತಾರೆ. ಅಲ್ಲಿ ಕೊಡುವಂತೆ ಮಾಡುವುದು ನೋವು. ಜೋಗತಿ ಹಾಡಿನಿಂದಲೇ ಜೋಗ ಪಡೆಯುತ್ತಾಳೆ.

ಹಾಗೆಂದು ಈ ಪದ್ಧತಿಯನ್ನು ಹೊಗಳಿ ಕೈತೊಳೆದುಕೊಳ್ಳಲಾಗದು. ಹರಕೆಯ ಹೆಸರಲ್ಲಿ ಎಳೆ ಹುಡುಗಿಯರಿಗೆ ಮುತ್ತು ಕಟ್ಟಿ, ಅಂದರೆ ದೇವದಾಸಿಯರನ್ನಾಗಿ ಬಿಟ್ಟು, ಅವರ ಬಾಳನ್ನು ಊರ ಗಂಡಸರ ಪಾಲಾಗಿಸಿದ್ದೂ ಇದೇ ದೇವಿಯ ಹೆಸರಿನಲ್ಲಿ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರಲೇಬೇಕಿತ್ತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಲು ಬಯಸಿದವರಿಗೆ ಜೋಗಪ್ಪನ ದೀಕ್ಷೆ ನೆರಳಾದದ್ದು ನಿಜ; ಆ ನೆರಳಿಗೆ ಮನೆಮಾರು, ಬೇರೆ ಕಸುಬು ಎಲ್ಲವನ್ನೂ ಬೆಲೆಯಾಗಿ ತೆರಬೇಕಾದದ್ದೂ ನಿಜ. ಹರಿ ಮತ್ತು ಹರರನ್ನು ಒಂದೇ ವಿಗ್ರಹದಲ್ಲಿ ಪೂಜಿಸುವ, 1224ರ ಹೊತ್ತಿಗೆ ಹೊಯ್ಸಳರ ಪೋಲಾಳ್ವ ದಂಡನಾಥ ಕಟ್ಟಿಸಿದ ಗುಡಿ ಹರಿಹರದಲ್ಲಿದೆ. ದೇವರಲ್ಲಿ ಎರಡನ್ನು ಒಂದಾಗಿ ಕಂಡ ನಾವು ಮನುಷ್ಯರಲ್ಲಿ ಕಂಡಾಗ ಬಾಗಿಲು ಹಾಕಿಕೊಂಡೆವು.

ಜೋಗಪ್ಪನ ದೀಕ್ಷೆ ಪಡೆದ ಮಂಜಮ್ಮ ಜೋಗತಿಯವರ ಬದುಕು ಇದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಮನೆಯಿಂದ ಹೊರಬಿದ್ದು, ಬೇಡಿ ಉಂಡು, ಬಾಳೇ ಬೇಡವೆನಿಸಿದ್ದ ದಿನಗಳಲ್ಲಿ ಅವರು ದಾವಣಗೆರೆ ಬಸ್ ನಿಲ್ದಾಣದ ಬಳಿ ತಂದೆ–ಮಗನ ಜೋಡಿಯೊಂದನ್ನು ಕಂಡರು. ತಂದೆ ಹಾಡುತ್ತಿದ್ದರು, ಮಗ ಕೊಡ ಹೊತ್ತು ಕುಣಿಯುತ್ತಿದ್ದ. ಆ ಕುಣಿತವನ್ನು ಕಲಿತ ಮಂಜಮ್ಮ ಮುಂದೆ ಕಾಳವ್ವ ಜೋಗತಿಯವರ ತಂಡ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ನಮ್ಮ ಹೊಸ್ತಿಲಲ್ಲಿ ಜೋಗತಿ ನಾಲ್ಕು ಕಾಳು ಹಿಂದಿರುಗಿಸುತ್ತಿದ್ದ ರೀತಿಯೇ ಅದು. ಪಡೆದವರು ಬರಿಗೈಲಿ ಹೋಗಬಾರದು, ಕೊಟ್ಟವರನ್ನೂ ಬರಿಗೈಲಿ ಬಿಡಬಾರದು.

ಬೇಡುವ ಹಾಡು ವೇದಿಕೆಗೆ ಬಂದ ಇಂಥ ದಾರಿಯೊಂದು ಚೀನಾದಲ್ಲೂ ಇದೆ. ಬೌದ್ಧರು ದಾನ ಬೇಡುತ್ತ ಹಾಡುತ್ತಿದ್ದ ಹಾಡುಗಳಿಂದ ಬೆಳೆದ ‘ಲಿಯೆನ್‌ಹುವಾಲುವೊ’ ಬಿದಿರ ಚಿಟಿಕೆ ಬಾರಿಸುವ ಭಿಕ್ಷುಕರ ಪಾಲಾಯಿತು. ಆಮೇಲೆ ಶಾವೊಶಿಂಗ್ ಸೀಮೆಯಲ್ಲಿ ಕಥೆ ಹೇಳುವ ರಂಗಕಲೆಯಾಗಿ ನಿಂತಿತು. ಬೇಡುವ ಅಗತ್ಯ ಕಳೆದರೂ ಕಥೆ ಕಳೆಯಬೇಕಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ಕರ್ನಾಟಕದಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ 1975ರಿಂದ ಇದೆ. ಅದರಡಿ ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಉಪಕರವನ್ನೂ ಕಟ್ಟುತ್ತೇವೆ. ಅದನ್ನು ಕಟ್ಟಿ ಬಂದು ಜೋಗತಿಗೆ ‘ಮುಂದಕ್ಕೆ ಹೋಗಮ್ಮ’ ಎನ್ನುವುದು ಸುಲಭ. ನನ್ನ ತೀರ್ಮಾನ ಇಷ್ಟು: ಮುತ್ತು ಕಟ್ಟುವುದು ಪೂರ್ತಿ ನಿಲ್ಲಲಿ, ಚೌಡಿಕೆ ನಿಲ್ಲದಿರಲಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ, ಹರಿಹರದ ಊರಮ್ಮನ ಹಬ್ಬದಲ್ಲಿ ಜೋಗತಿಯರನ್ನು ಕರೆಸುವವರು ಕುಣಿತದ ತುಣುಕು ಕೇಳದೆ, ಸರಿಯಾದ ಸಂಭಾವನೆ ಕೊಟ್ಟು, ರಾತ್ರಿಯಿಡೀ ರೇಣುಕೆಯ ಕಥೆಯನ್ನೇ ಹಾಡಿಸಲಿ. ಕೇಳಲು ನಾವು ಚಾಪೆ ಹಾಸಿ ಕೂರೋಣ.