ಬಾಗುವುದು ಬೇರೆ, ಕುಗ್ಗುವುದು ಬೇರೆ

ಸೂಳಗಿರಿಯ ಸೀಮೆಯಲ್ಲಿ ಬಾಳುವ ನಾವು ಕನ್ನಡ, ತೆಲುಗು, ತಮಿಳು ಎಂಬ ಮೂರು ನುಡಿಗಳ ನಡುವೆ ಬೆಳೆದವರು. ವಿನಯವೆಂಬ ಗುಣವನ್ನು ತಮಿಳರು ‘ಅಡಕ್ಕಂ’ ಎಂದರೆ ತೆಲುಗರು ‘ಅಣಕುವ’ ಎನ್ನುತ್ತಾರೆ. ಎರಡರಲ್ಲಿಯೂ ಅಡಗುವ, ತಗ್ಗುವ ಭಾವವಿದೆ. ನಾವು ಸಂಸ್ಕೃತದಿಂದ ಪಡೆದ ‘ವಿನಯ’ಕ್ಕೆ ಮೊದಲ ಅರ್ಥ ಶಿಕ್ಷಣ, ಶಿಸ್ತು. ಬೌದ್ಧ ಭಿಕ್ಷುಗಳ ನಿಯಮಗ್ರಂಥಕ್ಕೆ ‘ವಿನಯಪಿಟಕ’ವೆಂಬ ಹೆಸರು ಬಂದದ್ದು ಈ ಅರ್ಥದಿಂದಲೇ. ಹಾಗಾದರೆ ವಿನಯವೆಂದರೆ ಅಡಗಿರುವುದೋ, ತಿದ್ದಿಕೊಳ್ಳುವುದೋ? ಈ ಪ್ರಶ್ನೆಗೆ ದೂರದ ಹೀಬ್ರೂ ನುಡಿಯ ಒಂದು ಪದ ಬೆಳಕು ಚೆಲ್ಲುತ್ತದೆ.

ಹೀಬ್ರೂ ಧರ್ಮಗ್ರಂಥದಲ್ಲಿ ನಮ್ರನಾದವನು ‘ಅನಾವ್’. ಆ ಗುಣ ‘ಅನಾವಾ’. ಬಡವ, ನೊಂದವ ಎಂಬರ್ಥದ ‘ಅನೀ’ ಇದರ ಒಡಹುಟ್ಟು. ಬಾಗುವುದು, ಸಂಕಟಕ್ಕೊಳಗಾಗುವುದು ಇವುಗಳ ಧಾತ್ವರ್ಥ. ಈಜಿಪ್ಟಿನವರು ಇಸ್ರೇಲರನ್ನು ಬಿಟ್ಟಿ ದುಡಿಮೆಯಿಂದ ಪೀಡಿಸಿದರೆಂದು ವಿಮೋಚನಕಾಂಡವು ಹೇಳುವಾಗ ಬಳಸಿದ್ದು ಇದೇ ಧಾತುವನ್ನು. ಮುಂದೆ ಹತ್ತನೆಯ ಅಧ್ಯಾಯದಲ್ಲಿ, ಇನ್ನೆಷ್ಟು ಕಾಲ ಬಾಗದೆ ಇರುವೆಯೆಂದು ಫರೋಹನನ್ನು ಕೇಳುವಾಗಲೂ ಅದೇ ಧಾತು ಬರುತ್ತದೆ. ಪರರನ್ನು ಬಲವಂತದಿಂದ ಬಗ್ಗಿಸಿದವನು ತಾನೇ ಬಾಗಬೇಕೆಂಬ ನ್ಯಾಯ ಇಲ್ಲಿದೆ.

ಕನ್ನಡದ ಅನುವಾದಗಳು ಈ ಪದಕ್ಕಾಗಿ ದೀನ, ಸಾತ್ವಿಕ, ನಮ್ರ ಎಂಬ ಮಾತುಗಳ ನಡುವೆ ಓಡಾಡಿವೆ. ‘ದೀನ’ ಎಂಬುದು ನೋವಿನ ಅಂಶವನ್ನು ಹಿಡಿಯುತ್ತದೆ. ಆದರೆ ಅದರಲ್ಲಿ ನಿಸ್ಸಹಾಯಕತೆಯ ನೆರಳೂ ಇದೆ. ಅಷ್ಟರಿಂದಲೇ ‘ಅನಾವ್’ ತೃಪ್ತವಾಗದೆಂಬುದು ನಮ್ಮ ಅಭಿಪ್ರಾಯ. ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯವು ಭೂಮಿಯ ಎಲ್ಲ ಮನುಷ್ಯರಿಗಿಂತ ‘ಅನಾವ್’ ಎಂದು ಕರೆಯುವುದು ಮೋಶೆಯನ್ನು. ಫರೋಹನ ಆಸ್ಥಾನದಲ್ಲಿ ನಿಂತು ತನ್ನ ಜನರ ಬಿಡುಗಡೆಯನ್ನು ಕೇಳಿದವನು ದೀನನೆ? ಅದೇ ಅಧ್ಯಾಯದಲ್ಲಿ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಅವನನ್ನು ನಿಂದಿಸುತ್ತಾರೆ. ಅವನು ತನ್ನ ಪರವಾಗಿ ಒಂದು ಮಾತನ್ನೂ ಆಡುವುದಿಲ್ಲ. ಮಿರ್ಯಾಮಳಿಗೆ ಚರ್ಮರೋಗ ತಗುಲಿದಾಗ ಮಾತ್ರ ಬಾಯ್ದೆರೆಯುತ್ತಾನೆ. ಅದೂ ಅವಳನ್ನು ಗುಣಪಡಿಸೆಂದು ಬೇಡಲು. ಪದದ ಅರ್ಥವನ್ನು ನಿಘಂಟಿಗಿಂತ ಈ ಕಥೆಯೇ ಸ್ಪಷ್ಟವಾಗಿ ಹೇಳುತ್ತದೆ: ತನಗಾಗಿ ಮೌನ, ಪರರಿಗಾಗಿ ಮಾತು.

ಈ ವಿವೇಕ ನಮಗೆ ಹೊರಗಿನದಲ್ಲ. ಶರಣರ ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಗಣಾಚಾರವೂ ಜೊತೆಯಾಗಿವೆ. ಒಂದು ತಾನು ಎಲ್ಲರ ಸೇವಕನೆಂಬ ನಡೆ. ಇನ್ನೊಂದು ಸಮುದಾಯಕ್ಕೆ ಒದಗುವ ಅಪಮಾನವನ್ನು ಸಹಿಸದ ನಡೆ. ಇವೆರಡನ್ನೂ ಒಬ್ಬನೇ ಪಾಲಿಸಬೇಕೆಂದು ಅವರು ಬಯಸಿದರು. ತಮಿಳರ ತಿರುಕ್ಕುರಳ್ ಕೂಡ ಅಡಕ್ಕಕ್ಕೆ ಒಂದು ಅಧಿಕಾರವನ್ನೇ ಮೀಸಲಿಟ್ಟಿದೆ. ಅಲ್ಲಿ ಇಂದ್ರಿಯನಿಗ್ರಹಕ್ಕೆ ಉಪಮೆಯಾದ ಆಮೆ ತನ್ನ ಅಂಗಗಳನ್ನು ಒಳಗೆಳೆದುಕೊಳ್ಳುತ್ತದೆಯೇ ಹೊರತು ಚಿಪ್ಪನ್ನು ಕಳಚಿ ಕೊಡುವುದಿಲ್ಲ.

ಗಡಿನಾಡಿನ ಕನ್ನಡಿಗರಿಗೆ ಈ ವಿಚಾರ ಬರಿಯ ಪಾಂಡಿತ್ಯವಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾನೂನು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ನಾವು ಬಾಳುವ ನಾಡಿನ ನುಡಿಯನ್ನು ಕಲಿಯುವುದು ನಮ್ಮ ಧರ್ಮ. ತಮಿಳಿಗೆ ತಲೆಬಾಗುವುದರಲ್ಲಿ ನಮಗೆ ಸಂಕೋಚವಿಲ್ಲ. ಆದರೆ ಮಕ್ಕಳಿಗೆ ಕನ್ನಡದ ಅಕ್ಷರವೂ ದೊರೆಯಲೆಂದು ಕೇಳುವುದನ್ನು ಅವಿನಯವೆಂದು ಬಗೆದು ನಾವೇ ಸುಮ್ಮನಾದರೆ ಅದು ವಿನಯವಲ್ಲ, ಕುಗ್ಗುವಿಕೆ. ಇತ್ತ ಆಹ್ವಾನಪತ್ರಿಕೆಯಲ್ಲಿ ಯಾರ ಹೆಸರು ಮೊದಲು, ವೇದಿಕೆಯಲ್ಲಿ ಯಾರ ಕುರ್ಚಿ ನಡುವೆ ಎಂಬ ವಿಷಯಗಳಲ್ಲಿ ನಮ್ಮ ದನಿ ಬಲು ಎತ್ತರ. ಮೌನವಿರಬೇಕಾದಲ್ಲಿ ಮಾತು, ಮಾತಿರಬೇಕಾದಲ್ಲಿ ಮೌನ ಎಂಬಂತಾಗಿದೆ ನಮ್ಮ ಸ್ಥಿತಿ.

ಇವೆರಡರ ಸ್ಥಾನವನ್ನು ಅದಲುಬದಲು ಮಾಡಿಕೊಂಡರೆ ಸಾಕು. ಸಂಘದ ಕೆಲಸ ಅರ್ಧ ಹಗುರವಾದೀತು, ನಮ್ಮ ಮಕ್ಕಳ ಕೈಯಲ್ಲಿ ಕನ್ನಡದ ಪುಸ್ತಕವೂ ಉಳಿದೀತು.