ಚೆಂಡು ಬರುವ ಮೊದಲೇ ನೋಡಿ

ಕೊಲ್ಹಾಪುರದ ಶಾಹೂ ಸ್ಟೇಡಿಯಂನಲ್ಲಿ ಪಾಟಾಕಡೀಲ ತಾಲೀಮ್ ಮತ್ತು ಪ್ರ್ಯಾಕ್ಟಿಸ್ ಕ್ಲಬ್ ಫುಟ್‌ಬಾಲ್‌ನಲ್ಲಿ ಎದುರುಬದುರಾದರೆ ಗ್ಯಾಲರಿ ತುಂಬುತ್ತದೆ. ಆಟ ನೋಡುವವರು ಮಾತ್ರ ಕಡಿಮೆ. ತಮ್ಮ ಪೇಟೆ ಗೆದ್ದರೆ ಪಟಾಕಿ, ಸೋತರೆ ರೆಫರಿಗೆ ಬೈಗುಳ. ಗಡಹಿಂಗ್ಲಜದ ದೀಪಾವಳಿ ಪಂದ್ಯಾವಳಿಯಿಂದಲೂ ಬಹಳ ಜನ ಮನೆಗೆ ಒಯ್ಯುವುದು ಗೋಲು ಹೊಡೆದವನ ಹೆಸರೊಂದನ್ನೇ. ಇಂಥವರ ಕಣ್ಣಿಗೆ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದ ಆಟಗಾರ ನಿಷ್ಠೆಯಿಲ್ಲದವನು. ಆದರೆ ಜರ್ಸಿ ಬದಲಾದರೂ ಕೆಲಸ ಬದಲಾಗದವನನ್ನು ನೋಡಿಯೇ ಫುಟ್‌ಬಾಲ್ ಕಲಿಯಬೇಕು. ಅದಕ್ಕೆ ಬೆಂಗಳೂರಿನ ಮಿಡ್‌ಫೀಲ್ಡರ್ ಕಾರ್ಲ್ಟನ್ ಚಾಪ್‌ಮನ್ ಸಾಕು.

ಟಾಟಾ ಅಕಾಡೆಮಿಯಲ್ಲಿ ಕಲಿತ ಚಾಪ್‌ಮನ್ ಈಸ್ಟ್ ಬೆಂಗಾಲ್, ಪಂಜಾಬಿನ ಜೆಸಿಟಿ, ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್ ಎಂದು ಸುತ್ತಿದರು. ಭಾರತ ತಂಡದ ನಾಯಕರೂ ಆದರು. ಜನ ನೆನೆಯುವುದು 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ಕ್ಲಬ್ ವಿರುದ್ಧದ 6–2 ಗೆಲುವಿನ ಹ್ಯಾಟ್ರಿಕ್ಕನ್ನು. ಆದರೆ ಮಿಡ್‌ಫೀಲ್ಡರ್‌ನನ್ನು ಗೋಲಿನಿಂದ ಅಳೆಯುವುದು ಸೋಮಾರಿ ರಸಿಕತೆ. ನೋಡಬೇಕಾದದ್ದು ಚೆಂಡು ಕಾಲಿಗೆ ಬರುವ ಮುಂಚಿನ ಎರಡು ಮೂರು ಸೆಕೆಂಡುಗಳನ್ನು. ಒಳ್ಳೆಯ ಮಿಡ್‌ಫೀಲ್ಡರ್ ಆಗಲೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆಂದು ನೋಡಿಕೊಂಡಿರುತ್ತಾನೆ. ಮೈಯನ್ನು ಅರ್ಧ ತಿರುಗಿಸಿ ನಿಂತಿರುತ್ತಾನೆ, ಮೊದಲ ಸ್ಪರ್ಶದಲ್ಲೇ ಚೆಂಡು ಮುಂದಕ್ಕೆ ಹೋಗಲೆಂದು. ತನ್ನ ಬ್ಯಾಕ್ ಆಟಗಾರ ಮೇಲೇರಿದರೆ ಅವನು ಬಿಟ್ಟ ಜಾಗಕ್ಕೆ ಸರಿಯುತ್ತಾನೆ. ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಮಾಡದಿದ್ದರೆ ಮಾತ್ರ ಗೋಲು ಬೀಳುತ್ತದೆ. 1996–97ರ ಮೊದಲ ರಾಷ್ಟ್ರೀಯ ಲೀಗನ್ನು ಜೆಸಿಟಿ ಗೆದ್ದದ್ದು ಸ್ಟ್ರೈಕರ್‌ಗಳಾದ ವಿಜಯನ್, ಭುಟಿಯಾ ಅವರಿಂದ, ಚಾಪ್‌ಮನ್ ನೆರಳಷ್ಟೇ ಎಂದು ವಾದಿಸುವವರಿದ್ದಾರೆ. ಹಾಗಾದರೆ 2000–01ರಲ್ಲಿ ಈಸ್ಟ್ ಬೆಂಗಾಲ್ ಅವರದೇ ನಾಯಕತ್ವದಲ್ಲಿ ಲೀಗ್ ಗೆದ್ದದ್ದು ಹೇಗೆ? ಭುಟಿಯಾ ಆಗ ಇಂಗ್ಲೆಂಡಿನ ಬರಿ ಕ್ಲಬ್ಬಿನಲ್ಲಿದ್ದರು. ಮುಂಚೂಣಿಯ ಆಟಗಾರರು ಬೇರೆಯಾದರೂ ನಡುವಿನ ಕೆಲಸ ನಡೆಯಿತು.

ಆ ಲೀಗ್ ಗೆದ್ದ ವರ್ಷವೇ ಬೂಟು ಕಳಚಿದ ಚಾಪ್‌ಮನ್ ಕೋಚ್ ಆದದ್ದು ಇದೇ ಕೆಲಸದ ಮುಂದುವರಿಕೆ. ತಾವು ಕಲಿತ ಟಾಟಾ ಅಕಾಡೆಮಿ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ದೆಹಲಿಯ ಸುದೇವ, ಕೊನೆಗೆ ಕೋಯಿಕ್ಕೋಡಿನ ಅಕಾಡೆಮಿ: ಎಲ್ಲವೂ ಬೇರೆ ಕಡೆಗೆ ಆಟಗಾರರನ್ನು ತಯಾರು ಮಾಡಿ ಕಳಿಸುವ ಜಾಗಗಳು. ದೊಡ್ಡ ತಂಡ ಸಿಗಲಿಲ್ಲ, ಆದ್ದರಿಂದ ಸೋತರು ಎನ್ನುವವರು ಆ ಕಾಲದ ಲೆಕ್ಕ ನೋಡಲಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಎಂಟೂ ತಂಡಗಳ ಮುಖ್ಯ ಕೋಚ್‌ಗಳು ವಿದೇಶಿಯರೇ. ಖಾಲಿದ್ ಜಮೀಲ್ ಆ ಲೀಗಿನಲ್ಲಿ ಪೂರ್ಣಾವಧಿ ಮುಖ್ಯ ಕೋಚ್ ಹುದ್ದೆ ಪಡೆದ ಮೊದಲ ಭಾರತೀಯರಾದದ್ದು 2021ರಲ್ಲಿ. ಚಾಪ್‌ಮನ್ 2020ರ ಅಕ್ಟೋಬರ್ 12ರಂದು, 49ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಕೊಲ್ಹಾಪುರ, ಇಚಲಕರಂಜಿಯ ಕನ್ನಡಿಗರಿಗೆ ಹೀಗೆ ನೋಡುವ ಅಭ್ಯಾಸಕ್ಕೆ ಅಲ್ಲಿಯದೇ ಹುಡುಗ ಸಿಗುತ್ತಾನೆ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಆಡಿದ ಅನಿಕೇತ್ ಜಾಧವ್ ಇಂಡಿಯನ್ ಆ್ಯರೋಸ್, ಜಮ್‌ಶೆಡ್‌ಪುರ, ಹೈದರಾಬಾದ್, ಒಡಿಶಾ ಎಂದು ತಂಡ ಬದಲಿಸುತ್ತಲೇ ಆಡಿದವರು. ಅವರನ್ನು ಟಿವಿಯಲ್ಲಿ ನೋಡಿದರೆ ಸಾಲದು, ಏಕೆಂದರೆ ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ. ಮೈದಾನಕ್ಕೇ ಹೋಗಿ, ಗೋಲಿನ ಹಿಂದಿನ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕೂತು, ಒಬ್ಬನನ್ನೇ ಹತ್ತು ನಿಮಿಷ ಹಿಂಬಾಲಿಸಿ. ಆ ನಡುವೆ ಗೋಲಾದರೂ ಕಣ್ಣು ಕದಲಿಸಬೇಡಿ.